ತಂಬಿಗೆ ಸಾಹೇಬರು

ಕಳೆದ ಸೋಮವಾರ ನಮ್ಮ ಕಚೇರಿಯಲ್ಲಿ ತೀರಿಕೊಂಡ ಸಾಹೇಬರಿಗಾಗಿ ಎರಡು ನಿಮಿಷ ಮೌನವಾಗಿ ನಿಂತೆವು. ಆಮೇಲೆ ಮಾತಾಡಿದವರೆಲ್ಲ, ಅವರು ಸಾಧು ಮನುಷ್ಯರು, ಯಾರಿಗೂ ಎದುರಾಡಿದವರಲ್ಲ, ಎಲ್ಲರೊಂದಿಗೆ ಹೊಂದಿಕೊಂಡು ನಡೆದವರು ಎಂದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಂಥ ಸಭೆಯಲ್ಲಿ ಎದ್ದು ಅಲ್ಲಗಳೆಯುವುದು ಸರಿಯಲ್ಲವೆಂದು ಸುಮ್ಮನಾದೆ. ಮನೆಗೆ ಬಂದು ಹಳೆಯ ದಿನಚರಿಗಳನ್ನು ಕೆಳಗಿಳಿಸಿದೆ. ಅವರ ಕೈಕೆಳಗೆ ಕೆಲಸ ಮಾಡಿದ ಕಾಲದಲ್ಲಿ, ಅವರು ಸಿಟ್ಟಿಗೆದ್ದ ದಿನ ಪುಟದ ಎಡಕ್ಕೆ ಒಂದು ಗೀಟು, ತಪ್ಪು ಒಪ್ಪಿಕೊಂಡ ದಿನ ಬಲಕ್ಕೆ ಒಂದು ಗೀಟು ಹಾಕುವುದು ನನ್ನ ರೂಢಿ. ಎಡಗಡೆಯ ಗೀಟುಗಳು ಬೇಲಿಯ ಹಾಗೆ ಒತ್ತಾಗಿ ನಿಂತಿವೆ. ಬಲಗಡೆ ಇರುವುದು ಮೂರೇ. ಇಂಥವರನ್ನು ಸಾಧು ಎಂದರೆ ಮೊದಲು ಸಿಟ್ಟು ಬರುವುದು ಅವರಿಗೇ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ನಾನಿನ್ನೂ ಅಲ್ಲಿಯೇ ನೌಕರಿಯಲ್ಲಿದ್ದೇನೆ. ಹುನಗುಂದದ ಸೀಮೆಯಲ್ಲಿ, ಇಳಕಲ್ಲಿನ ವ್ಯಾಪಾರಿಗಳಿಗೆ ಸೀರೆ ನೇಯ್ದು ಕೊಡುವ ಒಂದು ಊರು ಎಂದರೆ ಸಾಕು. ಎಂಬತ್ತರ ಆಸುಪಾಸಿನಲ್ಲಿ ನಾನು ಅಲ್ಲಿಯ ಪುರಸಭೆಯಲ್ಲಿ ಟ್ರೇಸರ್ ಆಗಿ ಸೇರಿದೆ. ಇಂಜಿನಿಯರು ಪೆನ್ಸಿಲಿನಲ್ಲಿ ತೆಗೆದ ನಕಾಶೆಯನ್ನು ಪಾರದರ್ಶಕ ಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದುವ ಕೆಲಸ ನನ್ನದು. ಸಾಹೇಬರು ಅಲ್ಲಿಯ ರಸ್ತೆ ಮತ್ತು ಗಟಾರಗಳ ಇಂಜಿನಿಯರು. ಬಾಗಲಕೋಟೆಯ ಹಳೆ ಊರಿನವರು. ಇಸ್ತ್ರಿ ಮುರಿಯದ ಅಂಗಿ, ಹೊಳೆಯುವ ಬೂಟು, ಎತ್ತರದ ಧ್ವನಿ. ತಾವು ಓದಿದವರೆಂಬ ಜಂಬ ಅವರಿಗೆ ಸಾಕಷ್ಟಿತ್ತು, ಅದನ್ನು ಮುಚ್ಚಿಡುವ ಆಸೆ ಇರಲಿಲ್ಲ.

ಮೊದಲ ದಿನ ಅವರು ನನ್ನ ಮುಂದೆ ಊರಿನ ನಕಾಶೆ ಹಾಸಿ, ನೇಕಾರರ ಓಣಿಯ ಮೇಲೆ ಬೆರಳಿಟ್ಟು ಕೇಳಿದರು.

"ತಂಗಿ, ಈ ಓಣ್ಯಾಗ ನೀರು ಎತ್ತಗ ಹರೀತಾವ?"

ನಾನು ನಕಾಶೆಯ ಮೇಲೆ ಬಗ್ಗಿದೆ. ಉತ್ತರ ಅಲ್ಲಿ ಎಲ್ಲಾದರೂ ಬರೆದಿರುತ್ತದೆಂದು ಹುಡುಕತೊಡಗಿದೆ.

"ಅಲ್ಲೇನ್ ಹುಡುಕ್ತಿ? ನಕಾಶಿ ತೊಯ್ಯೂದಿಲ್ಲ. ಓಣಿ ತೊಯ್ತೈತಿ. ನಡಿ."

ಹಾಗೆಂದು ಕಪಾಟಿನಿಂದ ಹಿತ್ತಾಳೆಯ ತಂಬಿಗೆ ತೆಗೆದು, ನೀರು ತುಂಬಿಕೊಂಡು ಹೊರಟರು. ನಾನು ಹಿಂದೆ ಹೋದೆ. ನಮ್ಮ ಕಡೆ ಗಂಡಸೊಬ್ಬ ಬೆಳಗಿನ ಹೊತ್ತು ತಂಬಿಗೆ ಹಿಡಿದು ನಡೆದರೆ ಎಲ್ಲಿಗೆ ಹೊರಟಿದ್ದಾನೆಂದು ಯಾರೂ ಕೇಳುವುದಿಲ್ಲ. ಚಹಾದ ಅಂಗಡಿಯ ಮುಂದೆ ಕುಳಿತವರು ಅಂದೂ ಕೇಳಲಿಲ್ಲ, ಹೇಳಿದರು. "ಸಾಹೇಬ್ರು ಬಯಲಕಡಿಗೆ ಹೊಂಟಾರ, ದಾರಿ ಬಿಡ್ರಲೇ." ಬೂಟು ಹಾಕಿಕೊಂಡು, ಜತೆಗೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಯಲಕಡೆಗೆ ಹೋಗುವ ಸಾಹೇಬರನ್ನು ಕಂಡು ಅವರು ನಗುತ್ತಿದ್ದರೆ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸಾಹೇಬರು ತಿರುಗಿ ನೋಡಲಿಲ್ಲ. ಓಣಿಯ ತಲೆಯಲ್ಲಿ ನಿಂತು ನೀರನ್ನು ನಿಧಾನವಾಗಿ ಸುರಿದು, ಅದು ಹೋದ ಹಾಗೆ ತಾವೂ ಹೋದರು. ನೀರು ನಿಂತಲ್ಲಿ ನಿಂತರು. ಮಣ್ಣಿನಲ್ಲಿ ಇಂಗಿದಲ್ಲಿ ಇನ್ನಷ್ಟು ಸುರಿದರು. ಊರಿಗೆಲ್ಲ ಅವರು ತಂಬಿಗೆ ಸಾಹೇಬರು. ಆ ಹೆಸರು ಕಿವಿಗೆ ಬಿದ್ದರೆ, "ಅಡ್ಡಹೆಸರು ಇಲ್ಲದಂವ ಈ ಸೀಮ್ಯಾಗ ಮನಷ್ಯಾನೇ ಅಲ್ಲ" ಅನ್ನುತ್ತಿದ್ದರು.

ಪ್ರತಿ ರಸ್ತೆಯ ಅಂದಾಜುಪತ್ರಿಕೆಗೆ ಅವರು ಕೊನೆಯಲ್ಲಿ ತಮ್ಮದೊಂದು ಪುಟ ಸೇರಿಸುತ್ತಿದ್ದರು. ಅದರ ತಲೆಬರಹ "ರಸ್ತೆ ಆದ ಮೇಲೆ". ಅದರಲ್ಲಿ ನಾಲ್ಕು ಪ್ರಶ್ನೆ. ನೀರು ಎಲ್ಲಿಗೆ ಹೋಗುತ್ತದೆ? ಕಲ್ಲು ಮಣ್ಣು ಎಲ್ಲಿಂದ ಬರುತ್ತದೆ, ಅಗೆದದ್ದು ಎಲ್ಲಿ ಬೀಳುತ್ತದೆ? ಏನೇನು ಕಡಿಯಬೇಕಾಗುತ್ತದೆ? ಯಾರನ್ನು ಕೇಳಲಾಗಿದೆ? ಪ್ರತಿ ಉತ್ತರದ ಎದುರಿಗೆ ಅದನ್ನು ಹೇಳಿದವರ ಹೆಸರು. ಈಗ ಪರಿಸರ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಕಾಣುತ್ತದೆ, ದೊಡ್ಡ ಯೋಜನೆಗಳಿಗೆ ಮೊದಲೇ ಪರಿಶೀಲನೆ ನಡೆಯಬೇಕೆಂಬ ಮಾತೂ ಇದೆ. ಆಗ ಒಂದು ಓಣಿಯ ರಸ್ತೆಗೆ ಇಂಥದ್ದೊಂದು ಬೇಕೆಂದು ಯಾರೂ ಹೇಳಿರಲಿಲ್ಲ. ಒಂದು ನೋಟೀಸು ಕಚೇರಿಯ ಹಲಗೆಗೆ ಹಚ್ಚುವುದು, ಆಕ್ಷೇಪಣೆ ಇದ್ದವರು ಬರೆದು ಕೊಡಲಿ ಎನ್ನುವುದು, ಯಾರೂ ಬರೆದು ಕೊಡದಿದ್ದರೆ ಎಲ್ಲರೂ ಒಪ್ಪಿದ್ದಾರೆ ಎನ್ನುವುದು, ಇಷ್ಟೇ ಪದ್ಧತಿ. ಮೇಲಿನವರು ಅವರ ಪುಟದ ಮೇಲೆ "ಅನವಶ್ಯಕ, ತೆಗೆಯುವುದು" ಎಂದು ಕೆಂಪು ಮಸಿಯಲ್ಲಿ ಬರೆದು ಕಳಿಸುತ್ತಿದ್ದರು. ಸಾಹೇಬರು ಅದನ್ನು ಓದಿ, ಹಾಗೆಯೇ ಮತ್ತೆ ಹೊಲಿದು ಕಳಿಸುತ್ತಿದ್ದರು.

ಒಮ್ಮೆ ಚೀಫ್ ಆಫೀಸರು ಅವರನ್ನು ಕರೆಸಿ, ಈ ಪುಟ ಯಾವ ನಿಯಮದ ಪ್ರಕಾರ ಹಚ್ಚುತ್ತೀರಿ ಎಂದು ಕೇಳಿದರು. ನಾನು ನಕಾಶೆಯ ಸುರುಳಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಯಾವ ನಿಯಮಾನೂ ಇಲ್ರಿ," ಅಂದರು ಅವರು. "ಬ್ಯಾಡ ಅನ್ನೂ ನಿಯಮ ಇದ್ರ ತೋರಸ್ರಿ, ಈಗ ಹರದು ಒಗೀತೇನಿ."

ಅಂಥ ನಿಯಮ ಇರಲಿಲ್ಲ. ಆ ದಿನ ಎಡಗಡೆ ಗೀಟು ಹಾಕಲಿಲ್ಲ, ಏಕೆಂದರೆ ಅವರು ಅದನ್ನು ತಣ್ಣಗೆ ಹೇಳಿದ್ದರು. ಅದಕ್ಕೊಂದು ಉಪಾಯವಿತ್ತು. ಬಾಗಲಕೋಟೆಯಿಂದ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತರೆ ಒಂದು ಪೊಟ್ಟಣ ಕರದಂಟು ಕೊಳ್ಳುತ್ತಿದ್ದರು. ಮೇಲಿನವರ ಕೋಣೆಗೆ ಹೋಗುವ ಮುಂಚೆ ಒಂದು ತುಂಡು ಬಾಯಿಗೆ. ಅಂಟು, ಬೆಲ್ಲ, ಒಣಹಣ್ಣು ಹಲ್ಲಿಗೆ ಹಿಡಿದುಕೊಂಡರೆ ತಕ್ಷಣ ಬೈಯಲು ಬಾಯಿ ತೆರೆಯುವುದಿಲ್ಲ. "ಅದು ಕರಗೂತನಕ ನಾ ಸಭ್ಯ ಮನಷ್ಯಾ," ಅನ್ನುತ್ತಿದ್ದರು.

ನಾಲ್ಕನೆಯ ಪ್ರಶ್ನೆ ಎಲ್ಲಿಂದ ಬಂತೆಂದು ಒಮ್ಮೆ ಹೇಳಿದ್ದರು. ಅಣೆಕಟ್ಟೆಯ ಹಿನ್ನೀರು ಬಾಗಲಕೋಟೆಯ ಕೆಳಗಿನ ಓಣಿಗಳಿಗೆ ಬರುತ್ತದೆ ಎಂಬ ಮಾತು ನಾವೆಲ್ಲ ಕೇಳುತ್ತ ಬೆಳೆದದ್ದೇ. ಅವರ ಮನೆ ಅಂಥ ಓಣಿಯಲ್ಲಿತ್ತು. "ಒಬ್ಬ ಹುಡುಗ ಬಂದ. ಬಣ್ಣದ ಡಬ್ಬಿ ತಂದಿದ್ದ. ನಮ್ಮ ಗ್ವಾಡಿಗೆ ಒಂದು ಗೆರಿ ಹೊಡದ. ಏನಪಾ ಇದು ಅಂತ ನಮ್ಮವ್ವ ಕೇಳಿದ್ಲು. ನೀರು ಇಲ್ಲೀತನಕ ಬರ್ತಾವಬೇ ಅಂದು ಮುಂದಿನ ಮನಿಗೆ ಹ್ವಾದ." ಆಮೇಲೆ, "ಕೇಳಿದಾಕಿ ನಮ್ಮವ್ವ. ಅವ ಏನೂ ಕೇಳಲಿಲ್ಲ ನೋಡು" ಎಂದರು. ಅದಕ್ಕಿಂತ ಹೆಚ್ಚು ಅವರು ಆ ವಿಷಯ ಮಾತಾಡಿದ್ದು ನನ್ನ ದಿನಚರಿಯಲ್ಲಿಲ್ಲ.

ಇನ್ನು ನೇಕಾರರ ಓಣಿಯ ವಿಷಯ. ಅದೇ ಅವರಿಗೆ ವರ್ಗಾವಣೆ ತಂದದ್ದು.

ಆ ಓಣಿಗೆ ಡಾಂಬರು ರಸ್ತೆ ಮಂಜೂರಾಗಿತ್ತು. ಸಿದ್ಧ ಮಾದರಿಯ ಅಂದಾಜು ಹೀಗೆ: ಇದ್ದ ನೆಲದ ಮೇಲೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಡಾಂಬರು. ಒಟ್ಟು ಒಂದು ಅಡಿಗೂ ಮಿಕ್ಕಿ ಓಣಿ ಮೇಲೇಳುತ್ತದೆ. ಆ ಮನೆಗಳ ಹೊಸ್ತಿಲು ನೆಲದಿಂದ ಒಂದು ಗೇಣು ಎತ್ತರವಿದ್ದರೆ ಹೆಚ್ಚು. ಒಳಗೆ ಇರುವುದು ಕುಣಿ ಮಗ್ಗಗಳು. ನೆಲದಲ್ಲಿ ಕುಣಿ ತೋಡಿ, ನೇಯುವವರು ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಕಾಲಿನಿಂದ ತುಳಿಯುವ ಹಲಗೆಗಳೂ ಕುಣಿಯೊಳಗೇ. ರಸ್ತೆ ಮೇಲಾಗಿ ಹೊಸ್ತಿಲು ಕೆಳಗಾದರೆ ಮಳೆನೀರು ಮೊದಲು ಸೇರುವುದು ಅಲ್ಲಿಗೆ. ಕುಣಿ ತುಂಬಿದ ಮನೆಯಲ್ಲಿ ಮಗ್ಗವಿಲ್ಲ, ಮಗ್ಗವಿಲ್ಲದ ಮನೆಯಲ್ಲಿ ಒಲೆಯಿಲ್ಲ.

ಸಾಹೇಬರು ಅಂದಾಜಿಗೆ ಸಹಿ ಹಾಕಲಿಲ್ಲ. ಮಾರ್ಚ್ ಒಳಗೆ ಕೆಲಸ ಆಗದಿದ್ದರೆ ಹಣ ವಾಪಸು ಹೋಗುತ್ತದೆ ಎಂದು ಮೇಲಿನಿಂದ ಒತ್ತಡ. ಆದರೆ ಮೊದಲು ಅವರ ಮೇಲೆ ತಿರುಗಿಬಿದ್ದವರು ಓಣಿಯವರೇ. ರಸ್ತೆ ಬೇಕೆಂದು ವರ್ಷಗಟ್ಟಲೆ ಅರ್ಜಿ ಕೊಟ್ಟವರು ಅವರು. ಕಚೇರಿಗೆ ಬನ್ನಿ ಎಂದು ಕರೆಯದೆ ಸಾಹೇಬರೇ ಅವರಲ್ಲಿಗೆ ಹೋದರು, ಅದೂ ಬೆಳಿಗ್ಗೆ, ಹಾಸು ಹಾಯಿಸುವ ಹೊತ್ತಿಗೆ.

ಸೀರೆಯ ಉದ್ದದ ನೂಲಿಗೆ ನಾವು ಹಾಸು ಅನ್ನುತ್ತೇವೆ. ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಎರಡೂ ಕಡೆ ನಿಂತು ಕುಂಚದಿಂದ ಗಂಜಿ ಹಚ್ಚಿ ಆರಿಸುತ್ತಾರೆ. ಎಳೆದು ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ. ಚಕ್ಕಡಿ ಬಂದರೆ ಚಕ್ಕಡಿ ನಿಲ್ಲುತ್ತದೆ, ಮದುವೆಯ ದಿಬ್ಬಣ ಬಂದರೆ ದಿಬ್ಬಣ ಸುತ್ತು ಹಾಕುತ್ತದೆ. ಅಂದು ಸಾಹೇಬರೂ ಬಿಸಿಲಿನಲ್ಲಿ ಹಾಸು ಬಿಚ್ಚುವವರೆಗೆ ಕಾದರು. ಹಾಸು ಸುತ್ತಿಟ್ಟ ಮೇಲೆ, ಓಣಿಯ ಹಿರಿಯ ನೇಕಾರ ಮಲ್ಲೇಶಪ್ಪ ಕೈ ಒರೆಸಿಕೊಳ್ಳುತ್ತ ಬಂದ.

"ಸಾಹೇಬ್ರ, ಪ್ಯಾಟ್ಯಾಗಿನ ರಸ್ತಾಕ್ಕೆಲ್ಲ ಡಾಂಬರ್ ಬಿತ್ತು. ಸಾವ್ಕಾರ್ರ ಮನಿ ಮುಂದ ಬಿತ್ತು. ನಮ್ಮ ಓಣಿಗೆ ಬಂದ ಕೂಡ್ಲೆ ನಿಮಗ ನೀರು ನೆನಪಾತೇನು?"

ಸಾಹೇಬರ ಬಾಯಲ್ಲಿ ಕರದಂಟು ಇರಲಿಲ್ಲ. ಆದರೂ ಅವರು ಸಿಟ್ಟಾಗಲಿಲ್ಲ. ಮಾತು ಖರೆ ಇದ್ದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ರಸ್ತೆ ಬೇಡ ಎಂದು ತಾವು ಅನ್ನುತ್ತಿಲ್ಲ, ಎತ್ತರ ಬೇಡ ಅನ್ನುತ್ತಿರುವುದಷ್ಟೇ ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸಾಹೇಬರು ಹಿಂದಿನ ಓಣಿಯಲ್ಲಿ ಗಟಾರ ಕಟ್ಟುತ್ತಿದ್ದ ಕೂಲಿಗಳನ್ನು ಕರೆಸಿ, ಮಲ್ಲೇಶಪ್ಪನ ಬಾಗಿಲ ಮುಂದೆ, ರಸ್ತೆ ಎಷ್ಟು ಎತ್ತರ ಬರುತ್ತದೋ ಅಷ್ಟು ಕಲ್ಲು ಒಟ್ಟಿಸಿದರು. ಮೇಲೆ ಮಣ್ಣು ಹಾಕಿ ತಟ್ಟಿಸಿದರು. ಆಮೇಲೆ ಅದರ ಮೇಲೆ ನಿಂತು ತಂಬಿಗೆ ಬಗ್ಗಿಸಿದರು.

ನೀರು ಅವಸರ ಮಾಡಲಿಲ್ಲ. ಹೊಸ್ತಿಲು ದಾಟಿತು, ಪಡಸಾಲೆಯ ಸಗಣಿ ಸಾರಿಸಿದ ನೆಲದ ಮೇಲೆ ಒಂದು ಗೆರೆಯಾಗಿ ಹರಿದು, ಮಗ್ಗದ ಕುಣಿಯ ಅಂಚಿಗೆ ಬಂದು, ಒಳಗೆ ಇಳಿಯಿತು.

ಮೊದಲು ಬಾಯಿ ಬಿಟ್ಟವಳು ಮಲ್ಲೇಶಪ್ಪನ ಹೆಂಡತಿ ಗಂಗವ್ವ.

"ಮಗ್ಗದ ಕುಣಿಗೆ ನೀರು ಹಾಕಿದ್ರಲ್ರಿ. ನೀವು ಕಲತ ಸಾಲ್ಯಾಗ ಇದನ್ನ ಕಲಿಸ್ಯಾರೇನು? ಹೇಳಿದ್ರ ತಿಳೀತಿರಲಿಲ್ಲೇನು ನಮಗ?"

ಸಾಹೇಬರು ಬೂಟು ಬಿಚ್ಚಿ ಒಳಗೆ ಹೋದರು. ತಮ್ಮ ಕೈವಸ್ತ್ರದಿಂದ, ಆಮೇಲೆ ಮಲ್ಲೇಶಪ್ಪನ ಟವೆಲಿನಿಂದ, ಕುಣಿಯಲ್ಲಿ ಇಳಿದು ಒರೆಸಿದರು. "ತಪ್ಪಾತವ್ವ," ಅಂದರು. ಅದು ಬಲಗಡೆಯ ಮೊದಲ ಗೀಟು. ಕುಣಿಯೊಳಗಿಂದ ಅವರ ತಲೆ ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ಅವರು ಬಾಗಿಲಾಚೆಯ ಕಲ್ಲಿನ ರಾಶಿಯನ್ನು ದಿಟ್ಟಿಸಿ, "ಇದು ತಂಬಿಗಿ ನೀರು, ಮಲ್ಲೇಶಪ್ಪ. ಮಳಿ ತಂಬಿಗಿಲೆ ಬರೂದಿಲ್ಲ" ಎಂದರು. ಆ ರಾಶಿಯನ್ನು ತೆಗೆಸುವುದು ಬೇಡ, ನಾಲ್ಕು ದಿನ ಇರಲಿ, ಎಲ್ಲರೂ ತಮ್ಮ ತಮ್ಮ ಹೊಸ್ತಿಲಿಗೆ ಅಳತೆ ಮಾಡಿಕೊಳ್ಳಲಿ ಎಂದು ಮಲ್ಲೇಶಪ್ಪನೇ ಹೇಳಿದ. ಓಣಿಯವರು ಕೋಲು, ಹಗ್ಗ, ಕೆಲವರು ತಮ್ಮ ಮೊಣಕಾಲನ್ನೇ ತಂದು ಅಳೆದುಕೊಂಡರು.

ಸಾಹೇಬರು ಹೊಸ ನಕಾಶೆ ತೆಗೆದರು. ಮೊದಲು ಓಣಿಯ ಮಣ್ಣನ್ನು ಅಗೆದು ತಗ್ಗಿಸುವುದು, ಆ ತಗ್ಗಿನಲ್ಲಿ ಕಲ್ಲು ಜಲ್ಲಿ ತುಂಬುವುದು, ಮುಗಿದ ರಸ್ತೆ ಹೊಸ್ತಿಲಿಗಿಂತ ಕೆಳಗೇ ಇರುವುದು, ಒಂದು ಬದಿಗೆ ಕಲ್ಲುಚಪ್ಪಡಿ ಮುಚ್ಚಿದ ಗಟಾರ ಹಳ್ಳದವರೆಗೆ. ಮೇಲೆ ಡಾಂಬರು. ನಾನು ಮಸಿ ಹಾಕುತ್ತ ಅಲ್ಲಿಗೆ ಬಂದು ಪೆನ್ನು ಎತ್ತಿದೆ. ನಾನು ಗುಳೇದಗುಡ್ಡದವಳು. ಮನೆಯಲ್ಲಿ ಕುಪ್ಪಸದ ಖಣ ನೇಯುತ್ತಿದ್ದರು. ಬೇಸಿಗೆಯಲ್ಲಿ ಡಾಂಬರು ಕಾದು ಮೆತ್ತಗಾದ ಬೀದಿಯ ಮೇಲೆ ಹಾಸು ಹಾಯಿಸಿದರೆ, ಗಂಜಿಯ ಹಸಿ ನೂಲು ಒಮ್ಮೆ ಜೋತು ಕೆಳಗೆ ತಾಗಿದರೂ ಆ ಹಾಸು ಹೋದಂತೆಯೇ. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಹೇಳಿದೆ.

ಅವರ ಮುಖ ಕೆಂಪಾಯಿತು. ತಮಗೆ ತಾವೇ ಬೈದುಕೊಂಡರು, ನನಗೂ ಸೇರಿಸಿ ಬೈದರು, ಇಷ್ಟು ದಿನ ಬಾಯಿ ಹೊಲಿದುಕೊಂಡು ಕುಳಿತಿದ್ದೆಯಾ ಎಂದು. ಎಡಕ್ಕೊಂದು, ಬಲಕ್ಕೊಂದು, ಒಂದೇ ದಿನ ಎರಡು ಗೀಟು. ಡಾಂಬರು ಹೊಡೆದುಹಾಕಿ ಇಳಕಲ್ಲಿನ ಗಣಿಗಳಲ್ಲಿ ಬಿದ್ದಿರುವ ತುಂಡು ಚಪ್ಪಡಿ ಹಾಸುವುದು ಎಂದು ತಿದ್ದಿದರು. ಕೊನೆಯ ಪುಟದಲ್ಲಿ ಆ ಉತ್ತರದ ಎದುರಿಗೆ ನನ್ನ ಹೆಸರು ಬರೆದರು. ಕಚೇರಿಯ ಕಾಗದದ ಮೇಲೆ ನನ್ನ ಹೆಸರು ಹಾಜರಿಯ ಹೊರತು ಬೇರೊಂದು ಕಾರಣಕ್ಕೆ ಬಂದದ್ದು ಅದೇ ಮೊದಲು.

ಆ ನಕಾಶೆ ಮೇಲೆ ಹೋಯಿತು. ವಾಪಸು ಬಂದದ್ದು ಅವರ ವರ್ಗದ ಆದೇಶ, ಬಾದಾಮಿಗೆ. ಅದೇ ವಾರ ಬೇರೊಬ್ಬರು ಪ್ರಭಾರ ವಹಿಸಿಕೊಂಡು, ಹಳೆಯ ಅಂದಾಜಿಗೇ ಸಹಿ ಹಾಕಿದರು. ಕೊನೆಯ ಪುಟ ಕಡತದಲ್ಲಿ ಇರಲಿಲ್ಲ. ಸಾಹೇಬರು ಹೊರಡುವ ದಿನ ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. ಇನ್ನು ಆ ಓಣಿ ಉಳಿಯುವುದಿಲ್ಲ, ತಾವಿಲ್ಲದೆ ಓಣಿಯವರ ಪರವಾಗಿ ನಿಲ್ಲುವವರು ಯಾರೂ ಇಲ್ಲ ಎಂದರು. ಆ ಮಾತು ಜಂಬದ್ದೋ ದುಃಖದ್ದೋ ನನಗೆ ಅಂದು ತಿಳಿಯಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಕಲ್ಲು ತುಂಬಿದ ಲಾರಿ ಓಣಿಯ ತಲೆಗೆ ಬಂದು ನಿಂತಿತು. ಓಣಿಯಲ್ಲಿ ಹಾಸು ಕಟ್ಟಿತ್ತು. ಡ್ರೈವರ್ ಇಂಜಿನ್ ಆರಿಸಿ ಬೀಡಿ ಹಚ್ಚಿದ. ಆ ಹಾಸು ಸುತ್ತುವ ಹೊತ್ತಿಗೆ ಪಕ್ಕದ ಮನೆಯವರು ತಮ್ಮದನ್ನು ಎಳೆದು ಕಟ್ಟಿದರು. ಅದು ಮುಗಿಯುವಾಗ ಅದರ ಮುಂದಿನ ಮನೆಯವರು. ಹಾಸು ಹಾಯಿಸುವುದು ಬಿಸಿಲೇರುವ ಮುಂಚಿನ ಕೆಲಸ. ಅಂದು ಮಧ್ಯಾಹ್ನದ ಬಿಸಿಲಿನಲ್ಲೂ ಹೆಂಗಸರು ಸೆರಗು ತಲೆಗೆ ಸುತ್ತಿಕೊಂಡು, ಮತ್ತೆ ಮತ್ತೆ ನೀರು ಚಿಮುಕಿಸಿ ಕುಂಚ ಆಡಿಸುತ್ತಿದ್ದರು. ಮರುದಿನವೂ ಹಾಗೆ. ಅದರ ಮರುದಿನವೂ. ನಾನು ಅಳತೆಯ ಟೇಪು ಹಿಡಿದು ಅಲ್ಲಿ ನಿಲ್ಲಬೇಕಾಗಿತ್ತು, ಆದ್ದರಿಂದ ಎಲ್ಲ ಕಂಡೆ.

ಗುತ್ತಿಗೆದಾರನ ಕಡೆಯವನು ಗಂಗವ್ವನ ಹತ್ತಿರ ಹೋದ.

"ಯವ್ವಾ, ಇದು ಯಾವಾಗ ಮುಗೀತೈತಿ?"

"ಗಂಜಿ ಆರಿದ ಮ್ಯಾಲ."

"ಗಂಜಿ ಯಾವಾಗ ಆರ್ತೈತಿ?"

"ರಸ್ತಾ ಕೆಳಗ ಇಳಿದ ಮ್ಯಾಲ."

ಅವನು ಡ್ರೈವರಿಗೆ ಗಾಡಿ ಒಳಗೆ ಬಿಡು ಎಂದ. ಡ್ರೈವರ್ ಇಳಕಲ್ಲಿನವನು. ಕೀಲಿಯನ್ನು ತೆಗೆದು ಅವನ ಕೈಗೇ ಇಟ್ಟ. "ನೀವ ಹೊಡ್ಕೊಳ್ರಿ. ಹಾಸಿನ ಮ್ಯಾಲ ಗಾಡಿ ಹೊಡದೇನಂದ್ರ ನಮ್ಮವ್ವ ನನ್ನ ಮನ್ಯಾಗ ಕರಕೊಳ್ಳೂದಿಲ್ಲ."

ಕೀಲಿ ಹಿಡಿದುಕೊಂಡು ಅವನು ಬಹಳ ಹೊತ್ತು ನಿಂತಿದ್ದ. ಗಾಡಿ ಹೊಡೆಯಲು ಅವನಿಗೂ ಬರುತ್ತಿತ್ತು ಎಂದು ನನಗೆ ಗೊತ್ತು.

ಭಾನುವಾರ ಸಾಹೇಬರು ಬಂದರು. ನಾನು ಕಾಗದ ಬರೆದಿದ್ದೆ. ಬಾದಾಮಿಯಿಂದ ಬಸ್ಸು ಬದಲಿಸಿಕೊಂಡು, ಅಮೀನಗಡದಲ್ಲಿ ಇಳಿದು ಹತ್ತಿ, ಮಧ್ಯಾಹ್ನಕ್ಕೆ ಓಣಿಯ ತಲೆಗೆ ತಲುಪಿದ್ದರು. ಬೂಟಿನ ಮೇಲೆ ಧೂಳು. ಹಾಸಿನ ಈಚೆ ನಿಂತು, ಆಚೆ ಕಾಣುತ್ತಿದ್ದ ಹೆಂಗಸರನ್ನು, ಹಿಂದೆ ಬಿಸಿಲಿಗೆ ಕಾದು ನಿಂತ ಲಾರಿಯನ್ನು ನೋಡಿದರು. ಬಾಯಿಯ ಒಂದು ಕಡೆ ಉಬ್ಬಿತ್ತು. ಮಲ್ಲೇಶಪ್ಪ ದೂರದಿಂದಲೇ ಕೈ ಎತ್ತಿದ. ಸಾಹೇಬರೂ ಕೈ ಎತ್ತಿದರು. ಬಾಯಲ್ಲಿದ್ದದ್ದು ಕರಗಿದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು.

"ನಾ ಇಲ್ಲಂದ್ರ ಆಗೂದಿಲ್ಲ ಅಂದಿದ್ನಿ. ತಪ್ಪಾತು. ಬರಕೋ."

ನಾನು ಗೀಟು ಹಾಕುವುದು ಅವರಿಗೆ ಗೊತ್ತಿತ್ತೆಂದು ಅಂದೇ ತಿಳಿದದ್ದು. ಅದು ಮೂರನೆಯದು.

ಮುಂದಿನ ವಾರ ಚೀಫ್ ಆಫೀಸರು ಓಣಿಗೆ ಬಂದು, ಹಾಸಿನ ಈಚೆ ನಿಂತು, ಕಚೇರಿಗೆ ಮರಳಿದರು. ತಗ್ಗಿಸಿದ ರಸ್ತೆಯ ನಕಾಶೆ ಇದೆಯೇ ಎಂದು ಕೇಳಿದರು. ಮಸಿ ಹಾಕಿದ ಬಟ್ಟೆ ನನ್ನ ಹತ್ತಿರವೇ ಇತ್ತು. ಅದನ್ನು ತೆಗೆದುಹಾಕು ಎಂದು ಯಾರೂ ಹೇಳಿರಲಿಲ್ಲ. ಸ್ಥಳದ ಪರಿಸ್ಥಿತಿಗೆ ತಕ್ಕಂತೆ ಬದಲಾವಣೆ ಎಂದು ಒಂದು ಸಾಲು ಬರೆದು ಸಹಿ ಹಾಕಿದರು. ಸಾಹೇಬರ ಹೆಸರು ಎಲ್ಲಿಯೂ ಬರಲಿಲ್ಲ. ಅವರ ವರ್ಗವೂ ರದ್ದಾಗಲಿಲ್ಲ. ಬಾದಾಮಿಯಿಂದ ಮುಂದೆ ಇನ್ನೆರಡು ಕಡೆ ದುಡಿದು ನಿವೃತ್ತರಾಗಿ, ಗೆರೆ ಬಿದ್ದ ತಮ್ಮ ಮನೆಗೇ ಹೋದರು. ಅಲ್ಲಿಯೇ ತೀರಿಕೊಂಡರು. ಪ್ರತಿ ವರ್ಷ ಸುಣ್ಣ ಹೊಡೆಸುವಾಗ ಆ ಗೆರೆಯನ್ನು ಮಾತ್ರ ಹಾಗೇ ಉಳಿಸುತ್ತಿದ್ದರಂತೆ. ಯಾರಾದರೂ ಕೇಳಲು ಬಂದರೆ ತೋರಿಸಬೇಕು ಎನ್ನುತ್ತಿದ್ದರಂತೆ.

ಆ ಓಣಿಯಲ್ಲಿ ಅಂದಿನಿಂದ ಎಷ್ಟೋ ಮಳೆಗಾಲ ಹೋಗಿವೆ. ಪ್ರತಿ ವರ್ಷ ಮೊದಲ ದೊಡ್ಡ ಮಳೆಗೆ ನಾನು ಹೋಗಿ ನೋಡಿ ದಿನಚರಿಯಲ್ಲಿ ಬರೆಯುತ್ತೇನೆ. ಪ್ರತಿ ವರ್ಷ ಬರೆಯುವುದು ಒಂದೇ ಮಾತು: ಕುಣಿಗಳು ಒಣಗಿಯೇ ಇವೆ.

ಈಗ ಸಂತೆಪೇಟೆಯ ರಸ್ತೆಯ ಸರದಿ. ಅಲ್ಲಿ ಬುಟ್ಟಿ ಹೆಣೆಯುವವರ ಮನೆಗಳಿವೆ, ಒಂದು ಸಾಲು ಬೇವಿನ ಮರಗಳಿವೆ, ಹಳ್ಳಕ್ಕೆ ಹೋಗುವ ಮೋರಿ ಎಂದೋ ಮುಚ್ಚಿಹೋಗಿದೆ. ತಂಬಿಗೆ ತೆಗೆದುಕೊಂಡು ಹೋಗಿದ್ದೆ. ಹೆಂಗಸೊಬ್ಬಳು ತಂಬಿಗೆ ಹಿಡಿದು ಸಂತೆಯಲ್ಲಿ ನಡೆದರೆ ಚಹಾದ ಅಂಗಡಿಯವರು ಏನು ಅನ್ನುತ್ತಾರೆಂದು ಬರೆಯುವುದಿಲ್ಲ. ಅಂದಾಜಿನ ಕಡತ ಹೊಲಿಯುವುದು ಈಗ ನನ್ನ ಕೆಲಸ, ಅದರ ಕೊನೆಗೆ ನಾಲ್ಕು ಪ್ರಶ್ನೆಯ ಪುಟ ಸೇರಿಸಿ ಕಳಿಸಿದೆ.

ಶೋಕಸಭೆಯಲ್ಲಿ ಅವರನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರು ಈಗಿನ ಚೀಫ್ ಆಫೀಸರು. ನಿನ್ನೆ ಅವರೇ ನನ್ನನ್ನು ಕರೆಸಿ, ಈ ಪುಟ ಯಾವ ನಿಯಮದ ಪ್ರಕಾರ ಎಂದು ಕೇಳಿದರು. ತಕ್ಷಣ ಉತ್ತರ ಕೊಡಲು ನನಗೆ ಆಗಲಿಲ್ಲ. ಬಾಯಲ್ಲಿ ಕರದಂಟು ಇತ್ತು. ಅದು ಪೂರ್ತಿ ಕರಗುವವರೆಗೆ ನಾನು ನಿಂತೆ, ಅವರು ಕಾದರು.

"ಬ್ಯಾಡ ಅನ್ನೂ ನಿಯಮ ತೋರಸ್ರಿ ಸರ," ಅಂದೆ.

ಅವರು ಇನ್ನೂ ಹುಡುಕುತ್ತಿದ್ದಾರೆ. ಪುಟ ಕಡತದಲ್ಲೇ ಇದೆ.